ಮರಗಳ ನಕ್ಷೆಗೊಂದು ಫೋನ್ ಆ್ಯಪ್: ಕಟ್ಟಿದ್ದು, ಕೆಟ್ಟಿದ್ದು, ಸರಿ ಮಾಡಿದ್ದು

47ನೇ ಮರದ ಕಾಂಡಕ್ಕೆ ಕೈ ಇಟ್ಟುಕೊಂಡು ನಿಂತಿದ್ದೆ. ತಗಡಿನ ಬಿಲ್ಲೆಯ ಮೇಲೆ 47 ಅಂತ ಕೊರೆದಿದ್ದು ಕಣ್ಣೆದುರೇ ಇತ್ತು. ಫೋನಿನಲ್ಲಿ ಮಾತ್ರ 47ರ ಚುಕ್ಕೆ ಎಡಗಡೆಯ ಮರದ ಮೇಲೆ ಕೂತಿತ್ತು. ಮೂರು ತಿಂಗಳ ಹಿಂದೆ ಇದೇ ಫೋನ್ ಹಿಡಿದು, ಇದೇ ಕಾಂಡಕ್ಕೆ ಬೆನ್ನು ಒರಗಿಸಿ ನಿಂತು ದಾಖಲು ಮಾಡಿದ್ದ ಜಾಗ ಅದು. ಬಿಲ್ಲೆ ಇರದಿದ್ದರೆ ಪಕ್ಕದ ಮರದ ಸುತ್ತಳತೆಯನ್ನು 47ರ ಹೆಸರಿಗೆ ಬರೆದು ಮುಂದೆ ಹೋಗುತ್ತಿದ್ದೆ. ಪಕ್ಕದ್ದು ಸಣ್ಣ ಮರ. ಮುಂದೆ ಯಾರಾದರೂ ಆ ಅಂಕಿ ನೋಡಿದರೆ 47 ಸೊರಗುತ್ತಿದೆ ಅಂತಲೇ ಅಂದುಕೊಳ್ಳುತ್ತಿದ್ದರು.

ಆ ತಪ್ಪು ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋಗಿ ಆ್ಯಪ್‌ನ ಅರ್ಧ ಭಾಗವನ್ನು ಮತ್ತೆ ಬರೆಯಬೇಕಾಯಿತು. ಆ ಕೆಲಸದ ದಾಖಲೆ ಇದು.

ಬೇಕಾಗಿದ್ದು ಇಷ್ಟು. ಒಂದು ತೋಪು, ಇನ್ನೂರಕ್ಕೂ ಜಾಸ್ತಿ ಮರ. ವರ್ಷಕ್ಕೆ ನಾಲ್ಕು ಸಲ ಒಂದೊಂದು ಮರದ ಸುತ್ತಳತೆ, ತೊಗಟೆಯ ಸ್ಥಿತಿ, ಚಿಗುರು, ಹೂವು ಬರೆಯಬೇಕು. ತೋಪಿನೊಳಗೆ ನೆಟ್‌ವರ್ಕ್ ಸಿಗುವುದಿಲ್ಲ. ಹಾಗಾಗಿ ನಕ್ಷೆ, ಹಳೆಯ ದಾಖಲೆ ಎಲ್ಲವೂ ಫೋನಿನಲ್ಲೇ ಇರಬೇಕು. ಮರದ ಹತ್ತಿರ ಹೋದಾಗ ಆ ಮರದ ಪುಟ ತಾನಾಗಿ ತೆರೆಯಬೇಕು. ಈ ಕ್ಷೇತ್ರದವರ ಮಾತಿನಲ್ಲಿ ಹೇಳುವುದಾದರೆ ಇದರಲ್ಲಿ ಎರಡು ಕೆಲಸ ಸೇರಿವೆ. ಜಾಗಕ್ಕೆ ಅಂಟಿದ ಮಾಹಿತಿಯನ್ನು ಹೊರಗಡೆ ಓಡಾಡುತ್ತಾ ಸಂಗ್ರಹಿಸಿ ತಿದ್ದುವುದು ಮೊಬೈಲ್ ಜಿಐಎಸ್. ನೀವು ಎಲ್ಲಿದ್ದೀರಿ ಅನ್ನುವುದನ್ನು ನೋಡಿ ಅದಕ್ಕೆ ತಕ್ಕ ಹಾಗೆ ಫೋನ್ ಏನಾದರೂ ಮಾಡುವುದು ಸ್ಥಳ ಆಧಾರಿತ ಸೇವೆ. ಹೆಚ್ಚಿನ ಆ್ಯಪ್‌ಗಳಲ್ಲಿ ಇದರಲ್ಲಿ ಒಂದು ಇರುತ್ತದೆ. ನನಗೆ ಎರಡೂ ಬೇಕಿತ್ತು.

ಸಾಮಾನು

ಒಂದು ಆಂಡ್ರಾಯ್ಡ್ ಫೋನ್. ಕೋಡ್ ಬರೆದದ್ದು ಕೋಟ್ಲಿನ್ ಭಾಷೆಯಲ್ಲಿ. ದಾಖಲೆ ಇಡಲು ಎಸ್‌ಕ್ಯೂಲೈಟ್, ನಕ್ಷೆ ಬಿಡಿಸಲು ಮ್ಯಾಪ್‌ಲಿಬ್ರೆ, ಮನೆಗೆ ಬಂದ ಮೇಲೆ ಕಂಪ್ಯೂಟರಿನಲ್ಲಿ ತೆರೆದು ನೋಡಲು ಕ್ಯೂಜಿಐಎಸ್. ಫೋನಿಂದ ಕಂಪ್ಯೂಟರಿಗೆ ಸಾಗಿಸಲು ಜಿಯೋಪ್ಯಾಕೇಜ್ ಫೈಲ್. ಅದರ ಹೊಟ್ಟೆಯಲ್ಲಿರುವುದೂ ಎಸ್‌ಕ್ಯೂಲೈಟೇ, ಆದ್ದರಿಂದ ಆ ದಾರಿಯಲ್ಲಿ ತೊಂದರೆಯೇ ಆಗಲಿಲ್ಲ. ಇವೆಲ್ಲ ಮುಕ್ತ ತಂತ್ರಾಂಶಗಳು.

ಹಿನ್ನೆಲೆಯ ನಕ್ಷೆಗೆ, ಜನರೇ ಸೇರಿ ಮಾಡಿದ ಮುಕ್ತ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ನ ಡೇಟಾ. ಇಲ್ಲಿ ಒಂದು ಮಾತು. ಓಪನ್‌ಸ್ಟ್ರೀಟ್‌ಮ್ಯಾಪ್‌ನ ಸರ್ವರಿನಿಂದ ಸಿದ್ಧ ಟೈಲ್‌ಗಳನ್ನು, ಅಂದರೆ ನಕ್ಷೆಯ ಚೌಕ ತುಂಡುಗಳನ್ನು, ರಾಶಿ ರಾಶಿಯಾಗಿ ಇಳಿಸಿಕೊಳ್ಳಬಾರದು. ಅವರ ನಿಯಮದಲ್ಲೇ ಅದು ಸ್ಪಷ್ಟವಾಗಿದೆ. ದೇಣಿಗೆಯ ಹಣದಲ್ಲಿ ನಡೆಯುವ ಸರ್ವರ್ ಅದು, ಅದರ ಮೇಲೆ ಭಾರ ಹೇರುವುದು ಸರಿಯಲ್ಲ. ಡೇಟಾವನ್ನೇ ಇಳಿಸಿಕೊಂಡು ಟೈಲ್‌ಗಳನ್ನು ನಾವೇ ಮಾಡಿಕೊಳ್ಳಬಹುದು. ನಾನೂ ಹಾಗೇ ಮಾಡಿದೆ.

ಟೈಲ್ ಲೆಕ್ಕ ಒಮ್ಮೆ ಮಾಡಿ ನೋಡಿದರೆ ಯಾವ ದಾರಿ ಹಿಡಿಯಬೇಕು ಅಂತ ತಾನಾಗಿ ಗೊತ್ತಾಗುತ್ತದೆ. ಝೂಮ್ 0ಯಲ್ಲಿ ಇಡೀ ಜಗತ್ತು ಒಂದೇ ಚೌಕದಲ್ಲಿ ಕೂರುತ್ತದೆ. ಒಂದೊಂದು ಝೂಮ್ ಏರಿದಾಗಲೂ ಚೌಕಗಳು ನಾಲ್ಕು ಪಟ್ಟಾಗುತ್ತವೆ. ಝೂಮ್ 18ರ ಹೊತ್ತಿಗೆ ಸುಮಾರು 6,872 ಕೋಟಿ ಚೌಕ. ಚಿತ್ರದ ಟೈಲ್ ಆದರೆ ಪ್ರತಿ ಝೂಮಿಗೂ ಬೇರೆ ಬೇರೆ ಇಡಬೇಕು. ಚಿತ್ರದ ಬದಲು ಗೆರೆ, ಆಕಾರಗಳ ವಿವರ ಇಡುವ ವೆಕ್ಟರ್ ಟೈಲ್‌ಗೆ ಆ ಕಷ್ಟ ಇಲ್ಲ. ಝೂಮ್ 14ರ ತನಕ ಮಾಡಿಟ್ಟರೆ ಮುಂದಿನದನ್ನು ಫೋನೇ ಹಿಗ್ಗಿಸಿ ಬಿಡಿಸುತ್ತದೆ. ತೋಪು ಮತ್ತು ಸುತ್ತಮುತ್ತಲ ದಾರಿಗಳೆಲ್ಲ ಸೇರಿ ಒಂದು ಸಣ್ಣ ಎಂಬಿಟೈಲ್ಸ್ ಫೈಲಿನಲ್ಲಿ (ಟೈಲ್‌ಗಳನ್ನು ಒಟ್ಟಿಗೆ ತುಂಬಿಡುವ ಫೈಲ್) ಕೂತವು.

ಫೈಲ್ ಫೋನಿಗೆ ಹಾಕಿ ತೆರೆದರೆ ನಕ್ಷೆ ಪೂರ್ತಿ ಖಾಲಿ. ಟೈಲ್ ಇದೆ, ಕೋಡ್ ಓದುತ್ತಿದೆ, ಏನೂ ಕಾಣುವುದಿಲ್ಲ. ಎರಡು ಸಂಜೆ ಹೋಯಿತು. ಕಾರಣ ಇಷ್ಟೇ: ಎಂಬಿಟೈಲ್ಸ್‌ನಲ್ಲಿ ಅಡ್ಡಸಾಲುಗಳನ್ನು ಕೆಳಗಿನಿಂದ ಮೇಲಕ್ಕೆ ಎಣಿಸುತ್ತಾರೆ. ವೆಬ್ ನಕ್ಷೆಗಳು ಮೇಲಿನಿಂದ ಕೆಳಕ್ಕೆ ಎಣಿಸುತ್ತವೆ. ನಾನು ಫೈಲನ್ನು ಕೈಯಾರೆ ಓದುವ ಕೋಡ್ ಬರೆದಿದ್ದರಿಂದ ಈ ತಿರುವು ನನ್ನ ಪಾಲಿಗೆ ಬಂತು. ಝೂಮ್ 14ರಲ್ಲಿ 16,384 ಅಡ್ಡಸಾಲು. ಹಾಗಾಗಿ 16,383ರಿಂದ ಸಾಲಿನ ಸಂಖ್ಯೆ ಕಳೆದರೆ ಸರಿಯಾದ ಸಾಲು. ಒಂದು ಗೆರೆ ತಿದ್ದಿದೆ, ನಕ್ಷೆ ಬಂತು.

ಮರಗಳು ಸಮುದ್ರಕ್ಕೆ ಹೋದದ್ದು

ಮೊದಲ ದಿನದ ದಾಖಲೆಗಳನ್ನು ಜಿಯೋಜೇಸನ್ (ಜಾಗದ ಮಾಹಿತಿಯನ್ನು ಅಕ್ಷರದಲ್ಲಿ ಬರೆದಿಡುವ ಫೈಲ್ ರೂಪ) ಆಗಿ ತೆಗೆದು ಕ್ಯೂಜಿಐಎಸ್‌ನಲ್ಲಿ ತೆರೆದಾಗ ಒಂದು ಮರವೂ ತೋಪಿನಲ್ಲಿರಲಿಲ್ಲ. ಎಲ್ಲವೂ ಬೇರೆ ಯಾವುದೋ ಸಮುದ್ರದಲ್ಲಿ, ತಮ್ಮ ತಮ್ಮ ನಡುವೆ ಮಾತ್ರ ಅದೇ ಥರದ ಗುಂಪಾಗಿ, ಆದರೆ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿ ನಿಂತಿದ್ದವು. ಆ ತಿರುಗಿದ ಆಕಾರ ಕಂಡರೆ ಅನುಮಾನವೇ ಬೇಡ: ಅಕ್ಷಾಂಶ, ರೇಖಾಂಶ ಅದಲುಬದಲಾಗಿವೆ. ನಾವು ಮಾತಿನಲ್ಲಿ ಅಕ್ಷಾಂಶ ಮೊದಲು ಹೇಳುತ್ತೇವೆ, ಆಂಡ್ರಾಯ್ಡ್ ಕೋಡ್‌ನಲ್ಲೂ ಸಾಮಾನ್ಯವಾಗಿ ಅದೇ ಮೊದಲು. 2016ರ ಜಿಯೋಜೇಸನ್ ನಿಯಮದಲ್ಲಿ ರೇಖಾಂಶ ಮೊದಲು. ಎರಡು ಬರಿಯ ಸಂಖ್ಯೆಗಳನ್ನು ಒಂದು ಫಂಕ್ಷನ್‌ನಿಂದ ಇನ್ನೊಂದಕ್ಕೆ ಕೈ ಬದಲಾಯಿಸುತ್ತಾ ಹೋದರೆ ಎಲ್ಲಾದರೂ ಒಂದು ಕಡೆ ಇದು ಆಗಿಯೇ ಆಗುತ್ತದೆ. ಈಗ ಕೋಡ್‌ನಲ್ಲಿ ಎಲ್ಲೂ ಬರಿಯ ಜೋಡಿ ಸಂಖ್ಯೆ ಇಲ್ಲ. ಜಾಗ ಅಂದರೆ ಹೆಸರಿಟ್ಟ ಖಾನೆಗಳ ಒಂದು ಕಟ್ಟು.

ಒಂದೇ ಒಂದು ಮರ ಮಾತ್ರ ಆ ಗುಂಪಿನಲ್ಲೂ ಇರಲಿಲ್ಲ. ಅದು ಆಫ್ರಿಕಾದ ಪಶ್ಚಿಮಕ್ಕೆ, ಗಿನಿ ಕೊಲ್ಲಿಯಲ್ಲಿ, ಸೊನ್ನೆ ಅಕ್ಷಾಂಶ ಸೊನ್ನೆ ರೇಖಾಂಶದಲ್ಲಿತ್ತು. ಉಪಗ್ರಹ ಸಿಗುವ ಮೊದಲೇ ಉಳಿಸು ಬಟನ್ ಒತ್ತಿದ್ದೆ, ಖಾಲಿ ಜಾಗ ಸೊನ್ನೆಯಾಗಿ ಕೂತಿತ್ತು. ಈಗ ಜಾಗ ಸಿಗದೆ ಆ ಬಟನ್ ಒತ್ತಲು ಬರುವುದಿಲ್ಲ.

ಮೂರನೆಯದು ನೋಡಲು ಚೆನ್ನಾಗಿದ್ದ ದೋಷ, ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಕ್ಷೆಯನ್ನು ತುಂಬಾ ಹತ್ತಿರಕ್ಕೆ ಹಿಗ್ಗಿಸಿದಾಗ ಮರಗಳ ಚುಕ್ಕೆಗಳು ಬಾಚಣಿಗೆಯ ಹಲ್ಲಿನ ಥರ ಸಮನಾದ ಉದ್ದ ಗೆರೆಗಳ ಮೇಲೆ ನಿಂತಿದ್ದವು. ತೋಪಿನಲ್ಲಿ ಯಾರೂ ಮರಗಳನ್ನು ಹಗ್ಗ ಹಿಡಿದು ನೆಟ್ಟಿಲ್ಲ. ಗೆರೆಗಳ ನಡುವಿನ ಅಂತರ ಅಳೆದೆ. ಸುಮಾರು 80 ಸೆಂಟಿಮೀಟರ್. ಡೇಟಾಬೇಸ್‌ನಲ್ಲಿ ಸಂಖ್ಯೆ ಸರಿಯಾಗೇ ಇತ್ತು. ನಕ್ಷೆಗೆ ಕೊಡುವ ಒಂದು ಜಾಗದಲ್ಲಿ ಮಾತ್ರ 32 ಬಿಟ್‌ನ ಫ್ಲೋಟ್, ಅಂದರೆ ಕಡಿಮೆ ಅಂಕಿ ಹಿಡಿಯುವ ದಶಮಾಂಶ ಸಂಖ್ಯೆ, ಬಳಸಿದ್ದೆ. 64ರಿಂದ 128ರ ನಡುವಿನ ಸಂಖ್ಯೆಗಳಲ್ಲಿ ಫ್ಲೋಟ್‌ನ ಒಂದು ಹೆಜ್ಜೆ ಅಂದರೆ ಸುಮಾರು 0.0000076. ಡಿಗ್ರಿಯಲ್ಲಿ ಅದು ಏನೂ ಅನ್ನಿಸುವುದಿಲ್ಲ, ನೆಲದ ಮೇಲೆ ಸಮಭಾಜಕದ ಹತ್ತಿರ ಅದು 85 ಸೆಂಟಿಮೀಟರ್. 128 ಡಿಗ್ರಿ ದಾಟಿದರೆ ಇದರ ಎರಡು ಪಟ್ಟು. 64 ಬಿಟ್‌ನ ಡಬಲ್‌ಗೆ ಬದಲಾಯಿಸಿದೆ, ಬಾಚಣಿಗೆ ಹೋಯಿತು.

ಇದರ ಇನ್ನೊಂದು ತುದಿಯೂ ಇದೆ. ಐದು ದಶಮಾಂಶ ಸ್ಥಾನ ಅಂದರೆ ನೆಲದ ಮೇಲೆ ಹೆಚ್ಚುಕಡಿಮೆ 1.1 ಮೀಟರ್, ಆರು ಅಂದರೆ 11 ಸೆಂಟಿಮೀಟರ್. ಫೋನು ಹದಿನಾಲ್ಕು ಸ್ಥಾನ ಕೊಟ್ಟರೂ ಅದರಲ್ಲಿ ಕೊನೆಯ ಎಂಟಕ್ಕೆ ಅರ್ಥ ಇಲ್ಲ. ನಾನು ಒಂದು ಹೆಚ್ಚಿಗೆ ಇಟ್ಟುಕೊಂಡು ಏಳಕ್ಕೆ ನಿಲ್ಲಿಸಿದ್ದೇನೆ.

ಒಂದು ಗಂಟೆ ಸ್ಟೂಲಿನ ಮೇಲೆ ಇಟ್ಟ ಫೋನು

ಇಷ್ಟೆಲ್ಲ ತಿದ್ದಿದ ಮೇಲೂ 47 ಪಕ್ಕದ ಮರದ ಮೇಲೇ ಇತ್ತು. ಆಗ ದಾಖಲೆಯ ಪಟ್ಟಿಯನ್ನೇ ತೆರೆದು ಕೂತೆ. ಮರದ ಸಂಖ್ಯೆ, ಅಕ್ಷಾಂಶ, ರೇಖಾಂಶ, ದಿನಾಂಕ. ಅಷ್ಟೇ ಇತ್ತು. ಫೋನು ಪ್ರತಿ ಸಲ ಜಾಗದ ಜೊತೆ ಇನ್ನೊಂದು ಸಂಖ್ಯೆ ಕೊಡುತ್ತದೆ, ನಿಖರತೆ ಎಷ್ಟು ಮೀಟರ್ ಅಂತ. ಅದನ್ನು ನಾನು ಉಳಿಸಿಯೇ ಇರಲಿಲ್ಲ. ಪರದೆಯ ಮೇಲೆ ತೋರಿಸಿ ಬಿಟ್ಟುಬಿಟ್ಟಿದ್ದೆ. ಅಂದರೆ 3 ಮೀಟರ್ ಇದ್ದಾಗ ಬರೆದ ಮರ ಯಾವುದು, 20 ಮೀಟರ್ ಇದ್ದಾಗ ಬರೆದ ಮರ ಯಾವುದು ಅಂತ ಈಗ ಹೇಳಲು ದಾರಿಯೇ ಇಲ್ಲ.

ಆ ಸಂಖ್ಯೆಯ ಅರ್ಥವನ್ನೂ ನಾನು ತಪ್ಪಾಗಿ ತಿಳಿದಿದ್ದೆ. 5 ಮೀಟರ್ ಅಂದರೆ 5 ಮೀಟರ್ ಒಳಗೆ ಇದ್ದೇ ಇದೆ ಅಂತ ಅಲ್ಲ. ಆಂಡ್ರಾಯ್ಡ್‌ನ ವ್ಯಾಖ್ಯೆಯಲ್ಲಿ ಅದು 68 ಪ್ರತಿಶತದ ತ್ರಿಜ್ಯ. ನೂರರಲ್ಲಿ ಅರವತ್ತೆಂಟು ಸಲ ನಿಜವಾದ ಜಾಗ ಆ ವೃತ್ತದ ಒಳಗೆ, ಉಳಿದ ಮೂವತ್ತೆರಡು ಸಲ ಹೊರಗೆ. ಮೂರು ಮರಕ್ಕೆ ಒಂದು ಮರ ವೃತ್ತದ ಆಚೆ ಇದೆ ಅಂದ ಹಾಗಾಯಿತು, ಅಲ್ವಾ? ತೋಪಿನಲ್ಲಿ ಮರಗಳ ನಡುವಿನ ಅಂತರ ಕೆಲವು ಕಡೆ 4 ಮೀಟರ್.

ಸರಿ, ನನ್ನ ಫೋನು ಹೇಗೆ ನಡೆದುಕೊಳ್ಳುತ್ತದೆ ಅಂತ ನೋಡೋಣ ಅಂದುಕೊಂಡು ಬಯಲಿನಲ್ಲಿ ಒಂದು ಸ್ಟೂಲಿಟ್ಟು ಅದರ ಮೇಲೆ ಫೋನ್ ಮಲಗಿಸಿದೆ. ಸೆಕೆಂಡಿಗೊಂದು ಸಲ, ಒಂದು ಗಂಟೆ. 3,600 ಚುಕ್ಕೆ. ಮಾರನೆಯ ದಿನ ಅದೇ ಹೊತ್ತಿಗೆ ಅದೇ ಸ್ಟೂಲು ದಟ್ಟ ಎಲೆಗಳ ಕೆಳಗೆ.

ಚುಕ್ಕೆಗಳು ಸ್ಟೂಲಿನ ಸುತ್ತ ಅಕ್ಕಿ ಚೆಲ್ಲಿದ ಹಾಗೆ ಹರಡಿರುತ್ತವೆ ಅಂತ ನಾನು ಭಾವಿಸಿದ್ದೆ. ಹಾಗಿರಲಿಲ್ಲ. ಇರುವೆ ಸಾಲಿನ ಹಾಗಿತ್ತು. ಚುಕ್ಕೆ ನಿಧಾನವಾಗಿ ಈಶಾನ್ಯಕ್ಕೆ ತೆವಳುತ್ತದೆ, ಅಲ್ಲಿ ಕೆಲವು ನಿಮಿಷ ಗುಂಪಾಗಿ ನಿಲ್ಲುತ್ತದೆ, ಆಮೇಲೆ ದಕ್ಷಿಣಕ್ಕೆ ಇಳಿಯುತ್ತದೆ. ಎಲೆಗಳ ಕೆಳಗೆ ಅದೇ ನಡಿಗೆ ಹಲವು ಪಟ್ಟು ದೊಡ್ಡದು, ನಡುನಡುವೆ ಒಂದೊಂದು ಹಾರಿಕೆ ಬೇರೆ. ಯಾವುದೇ ಒಂದು ನಿಮಿಷ ತೆಗೆದು ನೋಡಿದರೆ ಅರವತ್ತು ಚುಕ್ಕೆಯೂ ಒತ್ತೊತ್ತಾಗಿ, ಬಹಳ ನಂಬಿಕೆ ಹುಟ್ಟಿಸುವ ಹಾಗೆ, ತಪ್ಪಾದ ಜಾಗದಲ್ಲಿ ಕೂತಿರುತ್ತವೆ.

ನನ್ನ ಇಡೀ ಆ್ಯಪ್ ಇಲ್ಲಿಗೆ ತಲೆಕೆಳಗಾಯಿತು. ನಾನು ಪ್ರತಿ ಮರದ ಹತ್ತಿರ 30 ಸೆಕೆಂಡು ನಿಂತು 30 ಚುಕ್ಕೆಯ ಸರಾಸರಿ ತೆಗೆಯುತ್ತಿದ್ದೆ. ತಪ್ಪುಗಳು ಒಂದಕ್ಕೊಂದು ಸಂಬಂಧ ಇಲ್ಲದವಾಗಿದ್ದರೆ ಸರಾಸರಿಯಿಂದ ಅವು ಕರಗುತ್ತವೆ. ಇವು ಹಾಗಲ್ಲ, ಈ ಸೆಕೆಂಡಿನ ತಪ್ಪೇ ಮುಂದಿನ ಸೆಕೆಂಡಿಗೂ ಮುಂದುವರಿಯುತ್ತದೆ. ಮೂವತ್ತು ಸಲ ಒಂದೇ ತಪ್ಪನ್ನು ಕೂಡಿಸಿ ಮೂವತ್ತರಿಂದ ಭಾಗಿಸಿದರೆ ಅದೇ ತಪ್ಪು ಸಿಗುತ್ತದೆ.

ಯಾಕೆ ಹೀಗೆ ಅಂತ ಅರ್ಥ ಮಾಡಿಕೊಳ್ಳಲು ಮೇಲಿನಿಂದ ಬರಬೇಕು. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿವೆ. ಸಂಕೇತ ಹೊರಟ ಹೊತ್ತು, ಬಂದ ಹೊತ್ತು ನೋಡಿ ಫೋನು ದೂರ ಲೆಕ್ಕ ಹಾಕುತ್ತದೆ. ಬೆಳಕಿನ ವೇಗದಲ್ಲಿ ಒಂದು ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ ತಪ್ಪಿದರೆ ದೂರದಲ್ಲಿ 300 ಮೀಟರ್ ತಪ್ಪುತ್ತದೆ. ದಾರಿಯಲ್ಲಿ ವಾತಾವರಣದ ಮೇಲಿನ ಪದರವಾದ ಅಯಾನುಗೋಳ ಸಂಕೇತವನ್ನು ತಡಮಾಡುತ್ತದೆ. ಕೆಳಗೆ ಬಂದ ಮೇಲೆ ಕಾಂಡ, ಕಟ್ಟಡ, ಒದ್ದೆ ಎಲೆ ಎಲ್ಲಕ್ಕೂ ಬಡಿದು ಸುತ್ತು ದಾರಿಯಲ್ಲಿ ಬರುತ್ತದೆ. ಇವೆಲ್ಲ ಉಪಗ್ರಹ ಆಕಾಶದಲ್ಲಿ ಸರಿದ ಹಾಗೆ ನಿಧಾನವಾಗಿ ಬದಲಾಗುವ ಸಂಗತಿಗಳು. ಅದಕ್ಕೇ ಇರುವೆ ಸಾಲು. ಅದರ ಮೇಲೆ ಫೋನು ತನ್ನದೇ ಫಿಲ್ಟರ್ ಹಾಕಿ ಇನ್ನಷ್ಟು ನಯ ಮಾಡುತ್ತದೆ.

2000ದ ಮೇ ತಿಂಗಳ ತನಕ ಅಮೆರಿಕ ಸರ್ಕಾರ ಬೇಕೆಂದೇ ನಾಗರಿಕರ ಜಿಪಿಎಸ್ ಸಂಕೇತವನ್ನು ಕೆಡಿಸುತ್ತಿತ್ತು, ತಪ್ಪು 100 ಮೀಟರ್ ವರೆಗೂ ಹೋಗುತ್ತಿತ್ತು. ಅದು ನಿಂತ ಮೇಲೆಯೇ ಈ ಥರದ ಕೆಲಸ ಸಾಮಾನ್ಯರ ಕೈಗೆ ಬಂದಿದ್ದು. ಈಗ ಇನ್ನೊಂದು ಮೆಟ್ಟಿಲು. ಹಳೆಯ ಎಲ್1 ಸಂಕೇತದ ಒಂದು ಚಿಪ್ (ಸಂಕೇತದಲ್ಲಿರುವ ಕೋಡ್‌ನ ಒಂದು ತುಣುಕು) ಉದ್ದ 293 ಮೀಟರ್. ಹೊಸ ಎಲ್5ದು ಅದರ ಹತ್ತನೇ ಒಂದು, 29 ಮೀಟರ್. ಚಿಪ್ ಚಿಕ್ಕದಾದಷ್ಟೂ ನೇರ ಬಂದ ಸಂಕೇತ ಯಾವುದು, ಬಡಿದು ಬಂದದ್ದು ಯಾವುದು ಅಂತ ಬಿಡಿಸುವುದು ಸುಲಭ. ಎರಡೂ ಕಂಪನಾಂಕ ಹಿಡಿಯುವ ಫೋನುಗಳು 2018ರಿಂದ ಸಿಗುತ್ತಿವೆ. ಆಂಡ್ರಾಯ್ಡ್ 7ರಿಂದ ಕಚ್ಚಾ ಅಳತೆಗಳನ್ನೂ ಓದಬಹುದು. ಓದಿ ನೋಡಿದೆ. ಬಯಲಿನಲ್ಲಿ ಗಟ್ಟಿಯಾಗಿದ್ದ ಸಂಕೇತಗಳು ಎಲೆಗಳ ಕೆಳಗೆ ಬಂದ ತಕ್ಷಣ ಸೊರಗುವುದು ಅಂಕಿಯಲ್ಲೇ ಕಾಣುತ್ತಿತ್ತು. ಮರ ದಾಖಲು ಮಾಡುವವರಿಗೆ ಮರವೇ ಅಡ್ಡಿ.

ರಿಪೇರಿ

ಮೊದಲ ಕೆಲಸ, ಪಟ್ಟಿಗೆ ಹೊಸ ಖಾನೆಗಳು: ನಿಖರತೆ, ಅಳತೆ ತೆಗೆದ ಹೊತ್ತು, ಎಷ್ಟು ಉಪಗ್ರಹ, ಜಾಗ ಬಂದ ಮೂಲ. ನಕ್ಷೆಯಲ್ಲಿ ಚುಕ್ಕೆ ಬಿಡಿಸುವುದು ನಿಲ್ಲಿಸಿ ಆ ತ್ರಿಜ್ಯದ ವೃತ್ತವನ್ನೇ ಬಿಡಿಸಿದೆ. ಹಾಗೆ ಮಾಡಿದ ತಕ್ಷಣ ತೋಪಿನ ನಡುಭಾಗ ಒಂದರ ಮೇಲೊಂದು ಹತ್ತಿದ ವೃತ್ತಗಳಿಂದ ತುಂಬಿಹೋಯಿತು. ನೋಡಲು ಚೆನ್ನಾಗಿಲ್ಲ. ಆದರೆ ನನಗೆ ಗೊತ್ತಿದ್ದದ್ದು ಅಷ್ಟೇ, ಹಿಂದಿನ ಚೊಕ್ಕ ಚುಕ್ಕೆಗಳು ಇಲ್ಲದ ತಿಳಿವಳಿಕೆಯನ್ನು ತೋರಿಸುತ್ತಿದ್ದವು.

ಎರಡನೆಯದು, ಹಳೆಯ ಜಾಗವನ್ನು ಹೊಸದಾಗಿ ಬಂದದ್ದು ಅಳಿಸಬಾರದು. ಪ್ರತಿ ಭೇಟಿಯ ಅಳತೆ ಬೇರೆ ಸಾಲು. ಬೇರೆ ಬೇರೆ ದಿನ, ಬೇರೆ ಬೇರೆ ಹೊತ್ತಿನ ಅಳತೆಗಳಲ್ಲಿ ತಪ್ಪುಗಳು ಬೇರೆ ಬೇರೆ ದಿಕ್ಕಿಗೆ ಇರುತ್ತವೆ, ಅಲ್ಲಿ ಸರಾಸರಿ ಕೆಲಸ ಮಾಡುತ್ತದೆ. ಆ ಸರಾಸರಿಗೂ ತೂಕ ಬೇಕು. ಒಂದನ್ನು ನಿಖರತೆಯ ವರ್ಗದಿಂದ (ಆ ಸಂಖ್ಯೆಯನ್ನು ಅದರಿಂದಲೇ ಗುಣಿಸಿದ್ದು) ಭಾಗಿಸಿ ತೂಕ ಕೊಟ್ಟೆ. 4 ಮೀಟರ್‌ನ ಅಳತೆಗೆ 8 ಮೀಟರ್‌ನದ್ದಕ್ಕಿಂತ ನಾಲ್ಕು ಪಟ್ಟು ಮಾತು.

ಮೂರನೆಯದು ನಿಜವಾಗಿ ಫಲ ಕೊಟ್ಟಿದ್ದು. ಎಲೆಗಳ ಕೆಳಗೆ ಜಿಪಿಎಸ್‌ನ ಜೊತೆ ಗುದ್ದಾಡುವುದು ಬಿಟ್ಟು ಟೇಪ್ ಹಿಡಿದೆ. ತೋಪಿನ ಅಂಚಿನಲ್ಲಿ, ಆಕಾಶ ತೆರೆದಿರುವ ಕಡೆ ಒಂದು ಕಲ್ಲುಕಂಬ ಇದೆ. ಅದರ ಮೇಲೆ ಫೋನಿಟ್ಟು ಬೇರೆ ಬೇರೆ ದಿನ ಬೇರೆ ಬೇರೆ ಹೊತ್ತಿನಲ್ಲಿ ಅಳತೆ ತೆಗೆದೆ. ಅಲ್ಲಿಂದ ಹತ್ತಿರದ ಮರಕ್ಕೆ ಟೇಪಿನಲ್ಲಿ ದೂರ, ದಿಕ್ಸೂಚಿಯಲ್ಲಿ ದಿಕ್ಕು. ಆ ಮರದಿಂದ ಮುಂದಿನದಕ್ಕೆ. ದೂರವನ್ನು ದಿಕ್ಕಿನ ಸೈನಿಂದ ಗುಣಿಸಿದರೆ ಪೂರ್ವಕ್ಕೆ ಎಷ್ಟು ಮೀಟರ್, ಕೊಸೈನಿಂದ ಗುಣಿಸಿದರೆ ಉತ್ತರಕ್ಕೆ ಎಷ್ಟು ಮೀಟರ್. ದಿಕ್ಕಿನಲ್ಲಿ 2 ಡಿಗ್ರಿ ತಪ್ಪಿದರೂ 30 ಮೀಟರ್ ದೂರದಲ್ಲಿ ಬರುವ ತಪ್ಪು 1 ಮೀಟರ್. ಎಲೆಗಳ ಕೆಳಗಿನ ಜಿಪಿಎಸ್‌ಗೆ ಹೋಲಿಸಿದರೆ ಇದು ತುಂಬಾ ವಾಸಿ. ಸರಪಳಿ ಉದ್ದವಾದಷ್ಟೂ ತಪ್ಪು ಕೂಡುತ್ತಾ ಹೋಗುತ್ತದೆ. ಅದಕ್ಕೆ ಐದಾರು ಮರಕ್ಕೊಮ್ಮೆ ಎಲೆ ತೆಳುವಾಗಿರುವ ಜಾಗ ನೋಡಿ ಮತ್ತೆ ಜಿಪಿಎಸ್‌ಗೆ ತಾಳೆ ಹಾಕಿದೆ.

ಮೀಟರನ್ನು ಡಿಗ್ರಿಗೆ ಬದಲಾಯಿಸುವಾಗ ಹುಷಾರು. ಅಕ್ಷಾಂಶದ ಒಂದು ಡಿಗ್ರಿ ಎಲ್ಲೆಡೆ ಹೆಚ್ಚುಕಡಿಮೆ 111 ಕಿಲೋಮೀಟರ್. ರೇಖಾಂಶದ್ದು ಧ್ರುವದ ಕಡೆ ಹೋದ ಹಾಗೆ ಕಿರಿದಾಗುತ್ತದೆ, 60 ಡಿಗ್ರಿ ಅಕ್ಷಾಂಶದಲ್ಲಿ ಅರ್ಧಕ್ಕೆ ಇಳಿಯುತ್ತದೆ. ಅಕ್ಷಾಂಶದ ಕೊಸೈನನ್ನು ಲೆಕ್ಕಕ್ಕೆ ತರದಿದ್ದರೆ ಮರಗಳು ಪೂರ್ವ ಪಶ್ಚಿಮವಾಗಿ ಒತ್ತರಿಸಿಕೊಂಡು ಕೂರುತ್ತವೆ. ಮೊದಲ ಸಲ ನನ್ನವೂ ಹಾಗೇ ಕೂತವು.

ದಿಕ್ಸೂಚಿ ತೋರಿಸುವುದು ಕಾಂತೀಯ ಉತ್ತರ, ನಕ್ಷೆಯ ಉತ್ತರ ಬೇರೆ. ಎರಡರ ನಡುವಿನ ಕೋನ ಊರಿಂದ ಊರಿಗೆ ಬೇರೆ, ವರ್ಷದಿಂದ ವರ್ಷಕ್ಕೂ ಸರಿಯುತ್ತದೆ. ಆಂಡ್ರಾಯ್ಡ್‌ನಲ್ಲಿ ಆ ಕೋನ ಕೊಡುವ ಕ್ಲಾಸ್ ಸಿದ್ಧವಾಗೇ ಇದೆ, ಅದನ್ನೇ ಬಳಸಿದೆ. ಫೋನಿನೊಳಗಿನ ದಿಕ್ಸೂಚಿಯನ್ನು ಮಾತ್ರ ನಂಬಲಿಲ್ಲ. ನನ್ನ ಫೋನಿನ ಕವರ್ ಮುಚ್ಚಲು ಒಂದು ಪುಟ್ಟ ಅಯಸ್ಕಾಂತ ಇದೆ. ಕವರ್ ಹಾಕಿ ನೋಡಿದರೆ ಒಂದು ದಿಕ್ಕು, ತೆಗೆದು ನೋಡಿದರೆ ಇನ್ನೊಂದು ದಿಕ್ಕು. ಕೈಯಲ್ಲಿ ಹಿಡಿಯುವ ಬೇರೆ ದಿಕ್ಸೂಚಿ ತಂದೆ.

ಹತ್ತಿರ ಹೋದಾಗ ಪುಟ ತೆರೆಯುವುದು

ಮೊದಲ ಆವೃತ್ತಿ: ಮರದಿಂದ 5 ಮೀಟರ್ ಒಳಗೆ ಬಂದರೆ ಪುಟ ತೆರೆ, ಆಚೆ ಹೋದರೆ ಮುಚ್ಚು. ಬರೆಯಲು ಹೊರಟಾಗ ಪುಟ ಮುಚ್ಚಿ ಇನ್ನೊಂದು ಮರದ ಪುಟ ತೆರೆಯಿತು. ಮತ್ತೆ ಹಳೆಯದು. ನಾನು ನಿಂತೇ ಇದ್ದೆ, ಚುಕ್ಕೆ ಗಡಿಯ ಆಚೀಚೆ ತೆವಳುತ್ತಿತ್ತು. ಇದಕ್ಕೆ ಮದ್ದು ಸುಲಭ. ಒಳಗೆ ಬರುವ ಗಡಿ, ಹೊರಗೆ ಹೋಗುವ ಗಡಿ ಬೇರೆ ಬೇರೆ ಇರಲಿ. 6 ಮೀಟರಿಗೆ ಒಳಗೆ, 15 ಮೀಟರಿಗೆ ಹೊರಗೆ. ಒಳಗೆ ಬಂದರೂ ಹತ್ತು ಸೆಕೆಂಡು ಅಲ್ಲೇ ಇದ್ದರೆ ಮಾತ್ರ ಪುಟ. ಬರೆಯುತ್ತಿರುವಾಗ ಯಾವ ಕಾರಣಕ್ಕೂ ಪುಟ ಬದಲಾಗದು.

ಆಂಡ್ರಾಯ್ಡ್‌ನಲ್ಲೇ ಜಿಯೋಫೆನ್ಸ್ ಸೌಲಭ್ಯ (ನಕ್ಷೆಯ ಮೇಲೆ ಬೇಲಿ ಹಾಕಿ, ಅದರ ಒಳಗೆ ಬಂದಾಗ ತಿಳಿಸುವುದು) ಇದೆಯಲ್ಲ, ಅದನ್ನೇಕೆ ಬಳಸಲಿಲ್ಲ? ಅದರ ಕೈಪಿಡಿ ಕನಿಷ್ಠ 100ರಿಂದ 150 ಮೀಟರ್ ತ್ರಿಜ್ಯ ಇಡಿ ಅನ್ನುತ್ತದೆ. ಒಂದು ಆ್ಯಪ್‌ಗೆ 100 ಬೇಲಿಗಳ ಮಿತಿಯೂ ಇದೆ. ಬ್ಯಾಟರಿ ಉಳಿಸಲು ಅದು ವೈಫೈ, ಮೊಬೈಲ್ ಗೋಪುರಗಳ ಮೇಲೆ ಒರಗಿ ಕೆಲಸ ಮಾಡುತ್ತದೆ. ಮರ ಮರಕ್ಕೆ ಬೇಲಿ ಹಾಕಲು ಅದು ಆಗುವುದಿಲ್ಲ. ತೋಪಿಗೆಲ್ಲ ಸೇರಿ ಒಂದೇ ಬೇಲಿ ಹಾಕಿ ನೋಡಿದೆ, ತೋಪಿಗೆ ಬಂದಾಗ ನೆನಪಿಸಲು. ಅದಕ್ಕೆ ಹಿನ್ನೆಲೆಯಲ್ಲಿ ಜಾಗ ನೋಡುವ ಅನುಮತಿ ಬೇಕು. ಆಂಡ್ರಾಯ್ಡ್ 10ರಿಂದ ಆ ಅನುಮತಿಯನ್ನು ಪ್ರತ್ಯೇಕವಾಗಿ ಕೇಳಬೇಕು. ತೋಪಿಗೆ ಬಂದಿದ್ದೇವೆ ಅಂತ ನಮಗೇ ಗೊತ್ತಿರುತ್ತದೆ, ಸುಮ್ನೆ ಅಷ್ಟಕ್ಕೆ ಅಷ್ಟು ದೊಡ್ಡ ಅನುಮತಿ ಕೇಳುವುದು ಬೇಡ ಅನ್ನಿಸಿತು. ಕಿತ್ತುಹಾಕಿದೆ. ಹತ್ತಿರದ ವಸ್ತುಗಳನ್ನು ಬೇಗ ಹುಡುಕಿಕೊಡುವ ಆರ್ ಟ್ರೀ ಸೂಚಿಯನ್ನೂ ಹಾಕಿ ತೆಗೆದೆ. ಲಕ್ಷಗಟ್ಟಲೆ ವಸ್ತುಗಳಿದ್ದಾಗ ಅದು ಪ್ರಾಣ ಉಳಿಸುತ್ತದೆ, ಇನ್ನೂರು ಮರಕ್ಕೆ ಎಲ್ಲದರ ದೂರವನ್ನೂ ಲೆಕ್ಕ ಹಾಕಿದರೂ ಕಣ್ಣು ಮಿಟುಕಿಸುವಷ್ಟು ಹೊತ್ತು ಸಾಕು.

ಮುಖ್ಯವಾದ ಬದಲಾವಣೆ ಬೇರೆ. ಈಗ ಪುಟ ತೆರೆಯುವ ಮೊದಲು ಆ್ಯಪ್ ಒಂದು ಪ್ರಶ್ನೆ ಕೇಳಿಕೊಳ್ಳುತ್ತದೆ: ನಾನಿರುವ ವೃತ್ತದೊಳಗೆ ಎಷ್ಟು ಮರ ಬರಬಹುದು? ಒಂದೇ ಆದರೆ ಪುಟ ತೆರೆಯುತ್ತದೆ. ಎರಡೋ ಮೂರೋ ಆದರೆ ತಾನು ತೀರ್ಮಾನ ಮಾಡುವುದಿಲ್ಲ. ಆ ಮರಗಳ ಬಿಲ್ಲೆ ಸಂಖ್ಯೆ, ಹಿಂದಿನ ಸುತ್ತಳತೆ, ಕಾಂಡದ ಫೋಟೋ ಸಾಲಾಗಿ ತೋರಿಸುತ್ತದೆ. ಆರಿಸುವುದು ಎದುರಿಗೆ ನಿಂತವರು.

ಈ ಕ್ಷೇತ್ರದ ಹಳೆಯ ಕೆಲಸಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು 1990ರ ದಶಕದ ಶುರುವಿನಲ್ಲಿ ಕೇಂಬ್ರಿಡ್ಜ್‌ನ ಒಲಿವೆಟ್ಟಿ ಸಂಶೋಧನಾಲಯ ಮಾಡಿದ ಆ್ಯಕ್ಟಿವ್ ಬ್ಯಾಡ್ಜ್. ಅಂಗಿಗೆ ಸಿಕ್ಕಿಸುವ ಬಿಲ್ಲೆ. 15 ಸೆಕೆಂಡಿಗೊಮ್ಮೆ ಅತಿಕೆಂಪು ಸಂಕೇತ ಬಿಡುತ್ತಿತ್ತು. ಗೋಡೆ ದಾಟದ ಸಂಕೇತ ಅದು. ಹಾಗಾಗಿ ಯಾರು ಯಾವ ಕೋಣೆಯಲ್ಲಿದ್ದಾರೆ ಅನ್ನುವುದು ಗೊತ್ತಾಗುತ್ತಿತ್ತು. ಕೋಣೆಯ ಯಾವ ಮೂಲೆ ಅನ್ನುವುದು ಗೊತ್ತಾಗುತ್ತಿರಲಿಲ್ಲ, ಅದು ಹೇಳುತ್ತಲೂ ಇರಲಿಲ್ಲ. ಕರೆಯನ್ನು ಹತ್ತಿರದ ಫೋನಿಗೆ ತಿರುಗಿಸಲು ಅಷ್ಟೇ ಸಾಕಿತ್ತು. ನನ್ನ ಆ್ಯಪ್ ಕೂಡ ಈಗ ತನ್ನ ಕೋಣೆ ಎಷ್ಟು ದೊಡ್ಡದು ಅಂತ ತಿಳಿದು ಮಾತಾಡುತ್ತದೆ.

ಬಿಡಿ ದೋಷಗಳು

ದಿನದ ಮೊದಲ ಮರ ಯಾವಾಗಲೂ ದಾರಿಯ ಮೇಲೆ ಬೀಳುತ್ತಿತ್ತು. ಫೋನು ನೆನಪಿಟ್ಟುಕೊಂಡ ಕೊನೆಯ ಜಾಗವನ್ನು ಕೇಳುತ್ತಿದ್ದೆ, ಅದು ನಾನು ನಡೆದು ಬಂದ ದಾರಿಯ ಜಾಗವನ್ನು ಕೊಡುತ್ತಿತ್ತು. ಈಗ 10 ಸೆಕೆಂಡಿಗಿಂತ ಹಳೆಯ ಜಾಗ ಒಪ್ಪುವುದಿಲ್ಲ. ವಯಸ್ಸು ಅಳೆಯಲು ಗಡಿಯಾರದ ಹೊತ್ತು ಬೇಡ, ಯಾರಾದರೂ ಗಡಿಯಾರ ಬದಲಾಯಿಸಬಹುದು. ಫೋನ್ ಆನ್ ಆದಾಗಿನಿಂದ ಎಣಿಸುವ ಎಣಿಕೆ ಬಳಸಬೇಕು.

ಜೊತೆಗೆ ದಾಖಲು ಮಾಡಲು ಬರುವ ಇನ್ನೊಬ್ಬರ ಫೋನಿನಲ್ಲಿ ಬ್ಯಾಟರಿ ಉಳಿಸುವ ವ್ಯವಸ್ಥೆ ಆ್ಯಪನ್ನು ನಡುದಾರಿಯಲ್ಲೇ ನಿಲ್ಲಿಸಿತ್ತು. ಅವರು ನಡೆದ ಜಾಡು ತೋಪಿನ ಅಡ್ಡಕ್ಕೆ ಬಾಣದಂಥ ನೇರ ಗೆರೆಯಾಗಿ ಬಂದಿತ್ತು. ಮುಳ್ಳುಪೊದೆಯ ನಡುವೆ ಹಾಗೆ ಯಾರೂ ನಡೆಯಲಾರರು. 30 ಸೆಕೆಂಡಿಗಿಂತ ದೊಡ್ಡ ಖಾಲಿ ಬಂದರೆ ಈಗ ಗೆರೆ ತುಂಡಾಗುತ್ತದೆ. ಗೊತ್ತಿಲ್ಲದ ಕಡೆ ಗೆರೆ ಎಳೆಯಬಾರದು.

ಎರಡು ಫೋನಿನ ದಾಖಲೆ ಸೇರಿಸುವಾಗ ಎರಡರಲ್ಲೂ 1ನೇ ಸಾಲು, 2ನೇ ಸಾಲು ಇದ್ದು ಒಂದು ಇನ್ನೊಂದನ್ನು ತಿಂದಿತು. ನಕಲು ಇಟ್ಟಿದ್ದರಿಂದ ಉಳಿದೆವು. ಈಗ ಪ್ರತಿ ಸಾಲಿಗೂ ಯುಯುಐಡಿ, ಅಂದರೆ ಬೇರೆಲ್ಲೂ ಮರುಕಳಿಸದಂಥ ಉದ್ದದ ಗುರುತು ಸಂಖ್ಯೆ. ಎರಡು ಫೋನು ಒಂದೇ ಮರವನ್ನು ಬರೆದರೆ ಎರಡೂ ಉಳಿಯುತ್ತವೆ.

ಎತ್ತರ ಬೇಕಿದ್ದರೆ ನೆನಪಿಡಿ: ಜಿಪಿಎಸ್ ಕೊಡುವುದು ಭೂಮಿಯ ಆಕಾರಕ್ಕೆ ಹೊಂದಿಸಿದ ಗಣಿತದ ದೀರ್ಘಗೋಲದ ಮೇಲಿನ ಎತ್ತರ. ಸಮುದ್ರ ಮಟ್ಟದ್ದಲ್ಲ. ಎರಡರ ನಡುವಿನ ವ್ಯತ್ಯಾಸ ಜಗತ್ತಿನ ಬೇರೆ ಬೇರೆ ಕಡೆ ನೂರು ಮೀಟರ್ ಆಸುಪಾಸಿನವರೆಗೂ ಹೋಗುತ್ತದೆ. ನನಗೆ ಬೇಕಿರಲಿಲ್ಲ, ಬಿಟ್ಟೆ.

ಜಾಡು ಯಾರದ್ದು

ದಾಖಲು ಮಾಡಲು ಬರುವವರು ಮೂರು ನಾಲ್ಕು ಜನ. ಅವರು ನಡೆದ ಜಾಡು ಮೊದಲ ಆವೃತ್ತಿಯಲ್ಲಿ ಮರಗಳ ಜೊತೆಗೇ ನನ್ನ ಕಂಪ್ಯೂಟರಿಗೆ ಬರುತ್ತಿತ್ತು. ಒಂದು ದಿನ ಒಬ್ಬರು ಆ್ಯಪ್ ಮುಚ್ಚಲು ಮರೆತಿದ್ದರು. ತೋಪಿನಿಂದ ಅವರ ಮನೆ ಬಾಗಿಲ ತನಕದ ಗೆರೆ ನನ್ನ ಪರದೆಯ ಮೇಲೆ ಬಂತು. ನೋಡಿದ ತಕ್ಷಣ ಕಸಿವಿಸಿ ಆಯಿತು. ಅವರಿಗೆ ಹೇಳಿ, ಅವರೆದುರೇ ಅಳಿಸಿದೆ.

ಹೆಸರು ತೆಗೆದರೆ ಸಾಲದೇ ಅಂತ ಕೇಳುವವರಿಗೆ 2013ರ ಒಂದು ಅಧ್ಯಯನ ತೋರಿಸಬಹುದು. 15 ಲಕ್ಷ ಜನರ ಹದಿನೈದು ತಿಂಗಳ ಮೊಬೈಲ್ ದಾಖಲೆ ತೆಗೆದುಕೊಂಡು ನೋಡಿದರು. ಎಲ್ಲಿದ್ದರು, ಯಾವ ಗಂಟೆಯಲ್ಲಿ ಅನ್ನುವ ನಾಲ್ಕೇ ನಾಲ್ಕು ಚುಕ್ಕೆ ಗೊತ್ತಿದ್ದರೆ 95 ಪ್ರತಿಶತ ಜನರ ಜಾಡು ಉಳಿದವರಿಂದ ಬೇರೆಯಾಗಿ ಸಿಕ್ಕಿಬಿಡುತ್ತದೆ. ಅದೂ ಮೊಬೈಲ್ ಗೋಪುರದ ಮಟ್ಟದ ಒರಟು ಜಾಗದಲ್ಲಿ. ಒಬ್ಬ ಮನುಷ್ಯನ ಓಡಾಟ ಅವನ ಗುರುತೇ ಆಗಿರುತ್ತದೆ.

ಈಗ ಜಾಡು ಆಯಾ ಫೋನಿನಲ್ಲೇ ಇರುತ್ತದೆ. ನಡೆಯುವವರಿಗೆ ಯಾವ ಭಾಗ ಮುಗಿಯಿತು ಅಂತ ನೋಡಿಕೊಳ್ಳಲು ಅದು ಬೇಕು. ಆ ದಿನ ರಾತ್ರಿ ತಾನಾಗಿ ಅಳಿಯುತ್ತದೆ. ಪರದೆ ಆರಿದರೆ ಅಳತೆ ನಿಲ್ಲುತ್ತದೆ. ತೋಪಿನ ಗಡಿಯ ಆಚೆ ಒಂದು ಚುಕ್ಕೆಯನ್ನೂ ಬರೆಯುವುದಿಲ್ಲ. ಹೊರಗೆ ಹೋಗುವುದು ಮರದ ಸಾಲುಗಳು ಮಾತ್ರ. ಫೋಟೋಗಳ ಒಳಗೂ ಜಾಗ ಅವಿತಿರುತ್ತದೆ, ಕಳಿಸುವ ಮೊದಲು ಅದನ್ನೂ ತೆಗೆಯುತ್ತೇನೆ. ಈ ಭಾಗ ಬರೆಯಲು ಅರ್ಧ ದಿನ ಸಾಕಾಯಿತು. ಮೊದಲ ದಿನವೇ ಬರೆಯಬೇಕಿತ್ತು.

ಈ ಸಲದ ಸುತ್ತು ಹೋದ ವಾರ ಮುಗಿಯಿತು. 47ರ ಹತ್ತಿರ ಹೋದಾಗ ಪುಟ ತಾನಾಗಿ ತೆರೆಯಲಿಲ್ಲ. 47, 48 ಎರಡನ್ನೂ ತೋರಿಸಿ ಕಾಯಿತು. ಫೋನು ಹೇಳಿದ ನಿಖರತೆ 7 ಮೀಟರ್, ಎರಡು ಮರದ ನಡುವೆ ಟೇಪಿನಲ್ಲಿ ಅಳೆದ ದೂರ 3.8 ಮೀಟರ್. ಬಿಲ್ಲೆಯ ಮೇಲಿನ ಪಾಚಿ ಒರೆಸಿ ಸಂಖ್ಯೆ ಓದಿ 47 ಒತ್ತಿದೆ. ಹಳೆಯ ಆವೃತ್ತಿಯಲ್ಲಿ ನಿಖರತೆ ಇಲ್ಲದೆ ಬರೆದ ಸಾಲುಗಳು ಇನ್ನೂ ಅರವತ್ತರ ಹತ್ತಿರ ಇವೆ. ಆ ಮರಗಳನ್ನು ನಕ್ಷೆಯಲ್ಲಿ ಬೂದು ಬಣ್ಣದಲ್ಲಿ ಬಿಟ್ಟಿದ್ದೇನೆ. ಮುಂದಿನ ಸುತ್ತಿನಲ್ಲಿ ಟೇಪ್ ಹಿಡಿದು ಅವುಗಳಿಂದಲೇ ಶುರು ಮಾಡಬೇಕು.